ಅನುಕೂಲಸ್ಥರ ಬೀದಿ

ಮನೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮರೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕುರ್ಚಿಗೆ ಅಂಟಿಕೊಂಡು ಕಂಪ್ಯೂಟರ್ ನೋಡುವವರಿಗೆಲ್ಲ ಅದು ಬರುತ್ತದಂತೆ, ಆಗಾಗ ಎದ್ದು ಓಡಾಡು. ನಿನ್ನ ಹೆಂಡತಿಗೆ ಹೋದ ತಿಂಗಳು ಬಂದ ಕೆಮ್ಮು ವಾಸಿಯಾಯಿತೇ? ಮಗು ಅಂಬೆಗಾಲು ಇಡುತ್ತಿದೆಯೇ? ನೀನು ಮೊದಲ ಸಲ ಅಂಬೆಗಾಲಿಟ್ಟಾಗ ಮನೆಯಲ್ಲಿ ಅಷ್ಟೆಲ್ಲ ಸಾಮಾನಿದ್ದರೂ ನೆಟ್ಟಗೆ ಸೋಪಿನ ನೀರಿನ ಬಕೆಟ್ಟಿಗೇ ಹೋಗಿ ಕೈ ಅದ್ದಿದ್ದೆ. ಅಮ್ಮ ಆಗ ನಕ್ಕು, 'ಇವನೂ ನಮ್ಮ ಲಾಂಡ್ರಿಗೇ ಬರ್ತಾನೆ' ಅಂದಿದ್ದಳು. ಬರಲಿಲ್ಲ, ಒಳ್ಳೆಯದೇ ಆಯಿತು. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಭಾವನ ವಿಷಯವೇ ಹೇಳಲಾರೆ. ಮಾತು ಮಾತ್ರ ಮೊದಲಿನ ಹಾಗೇ ಇದೆ, ಉಸಿರು ಇಲ್ಲ. ಬಾಗಿಲಿನಿಂದ ನಲ್ಲಿಯವರೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆ. ಮೊನ್ನೆ ನಾನು ಗಾಬರಿಯಾಗಿ ಓಡಿದರೆ, 'ನಂಗೇನೂ ಆಗಿಲ್ಲ ಕಣೇ, ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ದೀನಿ' ಅಂದರು. ನಗುವುದೋ ಅಳುವುದೋ ನೀನೇ ಹೇಳು.

ಕೈಯಲ್ಲಿ ಫೋನು ಇರುವಾಗ ಅಕ್ಕ ಕಾಗದ ಬರೆಯಲು ಕೂತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಶನಿವಾರ ನಾನು ಫೋನು ಮಾಡಿದಾಗ, ನಾನು ಬಾಯಿ ತೆರೆಯುವ ಮೊದಲೇ, 'ಅಕ್ಕಾ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ' ಅಂದೆ. ಆ ನಿನ್ನ 'ಆಮೇಲೆ' ಇನ್ನೂ ಬಂದಿಲ್ಲ. ಭಾನುವಾರ ಮತ್ತೆ ಮಾಡಿದರೆ ನಿನ್ನ ಹೆಂಡತಿ ತೆಗೆದು, 'ಅವ್ರು ಮಲಗಿದಾರೆ ಅಕ್ಕ' ಅಂದಳು. ಪಾಪ, ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹಿಂದೆ ನಿನ್ನ ದನಿ ಕೇಳಿಸುತ್ತಿತ್ತು. ಅದಕ್ಕೇ ಈ ಕಾಗದ. ಕಾಗದವನ್ನು ಯಾರೂ ನಡುವೆ ಕತ್ತರಿಸಲಾರರು. ನಮ್ಮ ಲಾಂಡ್ರಿ ವ್ಯಾನಿನ ಡ್ರೈವರ್ ಇವತ್ತು ನಿಮ್ಮೂರಿನ ದೊಡ್ಡ ಆಸ್ಪತ್ರೆಗೆ ಬಟ್ಟೆ ಒಯ್ಯುತ್ತಾನೆ. ನಿನ್ನ ಮನೆ ಬಾಗಿಲಿಗೇ ಹೋಗಿ ಕೈಗೆ ಕೊಟ್ಟು ಬಾ ಎಂದು ಹೇಳಿದ್ದೇನೆ.

ಶುಕ್ರವಾರ ಆರೋಗ್ಯ ಕೇಂದ್ರದಲ್ಲಿ ಸಭೆ ಕರೆದಿದ್ದರು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊಸ ಹಬೆ ಯಂತ್ರ ಬರುತ್ತದೆ ಎಂದು ಒಬ್ಬರು, ಡಾಕ್ಟರು ದಿನಾ ಬರುತ್ತಾರೆ ಎಂದು ಇನ್ನೊಬ್ಬರು. ನಾವು ಲಾಂಡ್ರಿಯ ಹೆಂಗಸರು ಮಧ್ಯಾಹ್ನದ ಪಾಳಿಯವರಿಗೆ ಕೆಲಸ ಒಪ್ಪಿಸಿ, ಒದ್ದೆ ಸೀರೆ ಒಣಗುವ ಮೊದಲೇ ಓಡಿದೆವು. ಉಸಿರಾಟದ ಕೋಣೆ ನಿನಗೆ ಗೊತ್ತಲ್ಲ, ಆ ಬಾಗಿಲು ಎಡಗಡೆ ತೆರೆಯುವ ಕೋಣೆ. ಅಲ್ಲಿ ನಿನ್ನ ಭಾವ ಬೆಂಚಿನ ಮೇಲೆ ಕೂತು, ಮೂಗು ಬಾಯಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಂಡು ಹಬೆ ಎಳೆಯುತ್ತಿದ್ದರು. ಬ್ಲೀಚಿಂಗ್ ವಿಭಾಗದಲ್ಲಿ ಕೆಲಸ ಮಾಡಿದ ಹಳಬರೆಲ್ಲ ಸರದಿಯಲ್ಲಿ ಅಲ್ಲೇ. ಮಧ್ಯದ ಬಾಗಿಲು ತೆರೆದಿಟ್ಟು ಅವರಿಗೂ ಕೇಳುವ ಹಾಗೆ ಸಭೆ ಮಾಡಿದರು. ವಲಯಾಧಿಕಾರಿ ಮೇಡಂ ಬಂದಿದ್ದರು, ಕೆಟ್ಟವರೇನಲ್ಲ, ಮೊದಲು ಎಲ್ಲರಿಗೂ ಕುರ್ಚಿ ಸಿಕ್ಕಿತೇ ಎಂದು ನೋಡಿದರು. ಆಮೇಲೆ ಗೋಡೆಗೆ ಟೇಪು ಹಚ್ಚಿ ಒಂದು ನಕ್ಷೆ ಅಂಟಿಸಿದರು. ಊರೆಲ್ಲ ಬಣ್ಣಬಣ್ಣ. ನದಿಯಾಚೆ ಕೆಂಪು, ಮಾರುಕಟ್ಟೆ ಕಡೆ ಹಳದಿ, ನಮ್ಮ ಬೀದಿ ಮತ್ತು ಹಿಂದಿನ ಎರಡು ಬೀದಿ ಸೇರಿದ ನಮ್ಮ ವಲಯ ಮಾತ್ರ ಹಚ್ಚ ಹಸಿರು.

ಮೂಲೆಮನೆ ಅಜ್ಜಿ ಕೈಯೆತ್ತಿ, 'ಹಸಿರು ಅಂದ್ರೆ ಒಳ್ಳೇದಾ ಕೆಟ್ಟದ್ದಾ ತಾಯಿ?' ಎಂದು ಕೇಳಿದರು. ಮೇಡಂ, 'ಒಳ್ಳೇದೇ ಅಜ್ಜಿ. ಜನಗಣತಿ ಪ್ರಕಾರ ನಿಮ್ದು ಒಂದನೇ ದರ್ಜೆ ವಲಯ. ನೀವೆಲ್ಲ ಅನುಕೂಲಸ್ಥರು' ಅಂದರು. ಮರೀ, ಆ ಕೋಣೆಯಲ್ಲಿ ಎದ್ದ ನಗು ನೀನು ಕೇಳಬೇಕಿತ್ತು. ಬೀಗ ರಿಪೇರಿಯವನು ಎದ್ದು ನಿಂತು ತನ್ನ ಹರಿದ ಕಿಸೆಯನ್ನು ಹೊರಗೆಳೆದು ಎಲ್ಲರಿಗೂ ತೋರಿಸಿದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಮುಗಿದ ಮೇಲೆ ಮೇಡಂ ಮುಂದಿನದ್ದು ಹೇಳಿದರು. ಒಂದನೇ ದರ್ಜೆ ವಲಯಕ್ಕೆ ಉಸಿರಾಟದ ಕೋಣೆ ಇರುವುದಿಲ್ಲ, ಮನೆಗೆ ಬಂದು ನೋಡುವ ಸಿಸ್ಟರೂ ಇರುವುದಿಲ್ಲ. ಅನುಕೂಲಸ್ಥರು ಖಾಸಗಿ ಡಾಕ್ಟರ ಹತ್ತಿರ ಹೋಗುತ್ತಾರೆ. ಯಂತ್ರಗಳೆಲ್ಲ ಈ ತಿಂಗಳ ಕೊನೆಗೆ ನದಿಯಾಚೆಗೆ. ಬೇಕಾದವರು ಅಲ್ಲಿಗೇ ಹೋಗಬಹುದು, ಎರಡು ಬಸ್ಸು ಬದಲಾಯಿಸಿದರೆ ಆಯಿತು. ಎರಡು ಬಸ್ಸು! ನಲ್ಲಿಯವರೆಗೆ ಹೋಗಲಾರದ ಮನುಷ್ಯ ಎರಡು ಬಸ್ಸು ಬದಲಾಯಿಸಿ ಸೇತುವೆ ದಾಟಿ ಉಸಿರು ತರಲು ಹೋಗಬೇಕಂತೆ.

ಇದು ಹೇಗಾಯಿತು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ನೀನೇ ಹೋದ ವರ್ಷ ರಜೆಗೆ ಬಂದಾಗ, ನಾನು ನೆಲದ ಮೇಲೆ ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದೆ, ನೀನು ಪಕ್ಕದಲ್ಲಿ ಕೂತು ಬಾಯ್ತುಂಬ ವಿವರಿಸಿದ್ದೆ. 'ನಮ್ದೂ ಇದೇ ಕೆಲಸ ಅಕ್ಕಾ. ಗಣತಿಯಿಂದ ಮನೆ ಯಜಮಾನನ ಉದ್ಯೋಗ ತಗೋತೀವಿ. ಅದನ್ನ ನೋಡಿ ಮನೆಗೊಂದು ದರ್ಜೆ, ಮನೆಗಳದ್ದು ಸೇರಿಸಿ ಬೀದಿಗೊಂದು, ಬೀದಿಗಳದ್ದು ಸೇರಿಸಿ ಆರೋಗ್ಯ ವಲಯಕ್ಕೊಂದು. ಬಡವರು ಎಲ್ಲಿದ್ದಾರೋ ಅಲ್ಲಿಗೆ ಮೊದಲು ಸಿಸ್ಟರ್ ಹೋಗ್ಬೇಕು, ಔಷಧಿ ಹೋಗ್ಬೇಕು.' ನಿನ್ನ ಮುಖದಲ್ಲಿ ಆಗ ಒಂದು ಬೆಳಕಿತ್ತು. ನಾನು ಕೈಯಲ್ಲಿದ್ದ ದಿಂಬಿನ ಚೀಲ ಹಾಗೇ ಹಿಡಿದುಕೊಂಡು, ನಮ್ಮ ಮರಿ ಎಂಥ ಒಳ್ಳೆಯ ಕೆಲಸದಲ್ಲಿದ್ದಾನೆ ಎಂದುಕೊಂಡೆ. ಲಾಂಡ್ರಿಯಲ್ಲಿ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿ, ಎಲ್ಲರ ತಲೆ ತಿಂದೆ.

ನಮ್ಮ ಬೀದಿಯ ಬೋರ್ಡಿನ ಹುಚ್ಚು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಯಲ್ಲಿ ಯಾರು ಓದಿ ಮೇಲೆ ಬಂದರೋ ಅವರ ಹೆಸರು, ಕೆಲಸ ಬಾಗಿಲ ಮೇಲೆ. ಅವರು ಮನೆಯಲ್ಲಿರಲಿ ಬಿಡಲಿ, ಮನೆಗೆ ಅವರೇ ಯಜಮಾನರು. ಮೂಲೆಮನೆ ಅಜ್ಜಿಯ ಬಾಗಿಲಲ್ಲಿ ವಕೀಲ. ಆ ಮೊಮ್ಮಗನ ಮುಖ ಬೀದಿಯ ನಾಯಿಗಳಿಗೂ ಮರೆತುಹೋಗಿದೆ. ಬೀಗ ರಿಪೇರಿಯವನ ಬಾಗಿಲಲ್ಲಿ ಅವನ ಅಕ್ಕನ ಮಗ ಇಂಜಿನಿಯರ್. ನಮ್ಮ ಬಾಗಿಲಲ್ಲಿ ನೀನು, ಅಂಕಿಅಂಶ ಅಧಿಕಾರಿ. ನಿನಗೆ ಕೆಲಸ ಸಿಕ್ಕಿದ ದಿನವೇ ನಿನ್ನ ಭಾವ ಬರೆಸಿ ತಂದು, ಯಾರನ್ನೂ ಮುಟ್ಟಲು ಬಿಡದೆ ತಾವೇ ಮೊಳೆ ಹೊಡೆದರು. ಗಣತಿಗೆ ಬಂದ ಮೇಷ್ಟ್ರು ಪಾಪ, ಚಪ್ಪಲಿ ಕಚ್ಚಿ ಕುಂಟುತ್ತಿದ್ದರು. ನಮ್ಮ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, ಮನೆ ಯಜಮಾನರು ಯಾರು, ಏನು ಕೆಲಸ ಎಂದು ಕೇಳಿದರು. ನಾನು ಎದೆಯುಬ್ಬಿಸಿ ನಿನ್ನನ್ನು ಹೇಳಿದೆ. ಮೂಲೆಮನೆ ಅಜ್ಜಿಯಂತೂ, 'ಬೋರ್ಡ್ ನೋಡ್ಕೊಳ್ಳಿ ಮೇಷ್ಟ್ರೇ, ಓದೋಕೆ ಬರುತ್ತಲ್ಲ?' ಎಂದು ಗದರಿಸಿದರಂತೆ. ಮೂರು ಬೀದಿಯಲ್ಲೂ ಹೀಗೇ. ನಾವು ಹೇಳಿದ್ದು ಹೆಮ್ಮೆಗೆ. ಅದರಿಂದ ಸಿಸ್ಟರನ್ನು ಕಳೆದುಕೊಳ್ಳುತ್ತೇವೆ ಎಂದು ನಮಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಸಭೆಯಲ್ಲಿ ಆರೋಗ್ಯ ಕೇಂದ್ರದ ದೊಡ್ಡ ಸಿಸ್ಟರ್ ಸುಮ್ಮನಿರಲಿಲ್ಲ. 'ಮೇಡಂ, ಇಷ್ಟು ಜನ ಎದೆ ಕಾಯಿಲೆಯವರಿರೋ ವಲಯ ಒಂದನೇ ದರ್ಜೆ ಹೇಗಾಗುತ್ತೆ?' ಎಂದು ಎಲ್ಲರ ಮುಂದೆ ಕೇಳಿದರು. ಮೇಡಂ, ನಮಗೂ ಅನುಮಾನ ಬಂದು ಮತ್ತೊಮ್ಮೆ ಪರಿಶೀಲಿಸಿ ಎಂದು ಮುಖ್ಯ ಕಚೇರಿಗೆ ವಾಪಸ್ಸು ಕಳಿಸಿದ್ದೆವು ಅಂದರು. ಆಗ ನಾನು ಎದ್ದು ನಿಂತೆ. ಯಾಕೆ ನಿಂತೆನೋ! 'ನನ್ನ ತಮ್ಮ ಆ ಕಚೇರೀಲೇ ಇದ್ದಾನೆ ಮೇಡಂ. ನಾನು ಅವನಿಗೆ ಒಂದು ಮಾತು ಹೇಳ್ತೀನಿ, ಎಲ್ಲ ಸರಿ ಮಾಡ್ತಾನೆ' ಅಂದೆ. ಇಡೀ ಬೀದಿ ನನ್ನ ಕಡೆ ನೋಡಿತು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಮೇಡಂ ನಿನ್ನ ಹೆಸರು ಕೇಳಿದರು. ಹೇಳಿದೆ. ಅವರ ಮುಖ ಒಂದು ಥರ ಆಯಿತು. 'ಪರಿಶೀಲನೆ ಬೇಡ ಅಂತ ಬರೆದಿದ್ದು ಅವ್ರೇ ಅಲ್ವಾ? ನಾನು ಇದೇ ಬೀದೀಲಿ ಹುಟ್ಟಿ ಬೆಳೆದವನು, ಮಾಹಿತಿ ಸರಿ ಇದೆ, ಮನೆಮನೆಗೆ ಹೋಗೋ ಅಗತ್ಯ ಇಲ್ಲ ಅಂತ ಉತ್ತರ ಬಂತು. ಸ್ಥಳೀಯರೇ ಹೇಳಿದ ಮೇಲೆ ನಾವು ಒಪ್ಕೊಂಡ್ವಿ' ಅಂದರು. ಚಪ್ಪಾಳೆ ತಟ್ಟಿದ ಕೈಗಳು ಎಲ್ಲಿ ಹೋದವೋ. ನನಗೆ ಕೂರಲೂ ಗೊತ್ತಾಗಲಿಲ್ಲ, ನಿಲ್ಲಲೂ ಗೊತ್ತಾಗಲಿಲ್ಲ.

ನಾನು ಪೆದ್ದಿ, ಆಗಲೂ ಏನೋ ತಪ್ಪಾಗಿದೆ ಎಂದೇ ಅಂದುಕೊಂಡೆ. ಸಭೆ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ಅವನು ಹಾಗೆ ಬರೆಯುವವನಲ್ಲ, ಅವನ ಅಕ್ಕಭಾವ ಇಬ್ಬರೂ ಈ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವರು ಅಂದೆ. ಅವರು ನಂಬಲಿಲ್ಲ. ತರಬೇತಿಗೆ ಹೋದಾಗ ನಿನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ದರಂತೆ. ನಮ್ಮದು ತಲೆಮಾರಿನಿಂದ ಲಾಂಡ್ರಿ ವ್ಯವಹಾರ, ಈಗ ಅಕ್ಕಭಾವ ನೋಡಿಕೊಳ್ಳುತ್ತಾರೆ, ಕೆಲಸಕ್ಕೆ ತುಂಬ ಜನ ಇದ್ದಾರೆ ಎಂದು ನೀನೇ ಹೇಳಿದ್ದೆಯಂತೆ. ಆಗ ನನಗೆ ಎಲ್ಲ ಹೊಳೆಯಿತು. ಬೀದಿಯ ಬಣ್ಣ ಬದಲಾಗಬೇಕಾದರೆ ಯಾರೋ ಬಂದು ಬಾಗಿಲು ತಟ್ಟಬೇಕು. ತಟ್ಟಿದರೆ ನಾನು ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತೇನೆ. ನಿನ್ನ ಜೊತೆಯವರು ನನ್ನನ್ನು ನೋಡುತ್ತಾರೆ. ಅದನ್ನು ತಪ್ಪಿಸುವುದಕ್ಕೆ ನೀನು ಮೂರು ಬೀದಿಯನ್ನು ಅನುಕೂಲಸ್ಥರನ್ನಾಗಿ ಮಾಡಿದೆ.

ನಿನ್ನ ಮದುವೆಯಲ್ಲೂ ನೀನು ಹೀಗೇ ಮಾಡಿದ್ದೆ. ನಿನ್ನ ಮಾವ, 'ನಿಮ್ಮ ಭಾವ ಏನ್ಮಾಡ್ಕೊಂಡಿದಾರೆ?' ಎಂದು ಕೇಳಿದರೆ, ಅವರು ಬಾಯಿ ತೆರೆಯುವ ಮೊದಲೇ ನೀನು ನಡುವೆ ಬಂದು, 'ಲಾಂಡ್ರಿ ನಡೆಸ್ತಾರೆ' ಅಂದುಬಿಟ್ಟೆ. ನನಗೆ ಚುರುಕ್ ಅಂದಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದರೆ, ನಿನ್ನ ಭಾವ ಕಿಟಕಿಯ ಕಡೆ ನೋಡುತ್ತಾ, 'ಸುಳ್ಳೇನು ಹೇಳ್ದ ಅವ್ನು? ಬಟ್ಟೆ ಗಾಡೀನ ದಿನಾ ನಾನೇ ತಾನೆ ತಳ್ಳಿ ನಡೆಸೋದು?' ಅಂದರು. ನಾನೂ ನಕ್ಕು ಮರೆತೆ. ಹುಡುಗ, ಹೊಸ ನೆಂಟರು, ಹೋಗಲಿ ಬಿಡು ಎಂದು. ನನ್ನನ್ನು ಒಗೆಯುವವಳು ಎಂದು ಹೇಳಲು ನಿನಗೆ ನಾಚಿಕೆ ಎಂದರೆ ಇರಲಿ, ಅದನ್ನು ನಾನು ನುಂಗಿಕೊಳ್ಳುತ್ತೇನೆ, ನುಂಗಿಕೊಂಡೇ ಬಂದಿದ್ದೇನೆ. ಆದರೆ ನಿನ್ನ ನಾಚಿಕೆಗೆ ಬೇರೆಯವರ ಉಸಿರು ಯಾಕೆ ಕೊಡಬೇಕು?

ಉಸಿರು ಅಂದೆನಲ್ಲ, ಅದನ್ನೂ ಬರೆದುಬಿಡುತ್ತೇನೆ. ಇಷ್ಟು ವರ್ಷ ನಿನಗೆ ಹೇಳಬೇಡ ಎಂದು ಭಾವ ನನ್ನ ಬಾಯಿ ಕಟ್ಟಿದ್ದರು. ನಮಗೆ ಇದ್ದದ್ದು ಒಂದು ಕೋಣೆ. ನೀನು ಹೈಸ್ಕೂಲಿಗೆ ಬಂದಾಗ ನಿನಗೆ ಓದಲು ಜಾಗ ಬೇಕಿತ್ತು. ಭಾವ ಆಗ ಇಸ್ತ್ರಿ ವಿಭಾಗದಲ್ಲಿದ್ದರು, ಹಗಲು ಪಾಳಿ, ಒಳ್ಳೆಯ ಗಾಳಿ. ಮೇಸ್ತ್ರಿ ಹತ್ತಿರ ಹೋಗಿ ತಾವೇ ಕೇಳಿ ರಾತ್ರಿ ಪಾಳಿ ಹಾಕಿಸಿಕೊಂಡರು. ರಾತ್ರಿ ಪಾಳಿ ಇದ್ದದ್ದು ಬ್ಲೀಚಿಂಗ್ ವಿಭಾಗದಲ್ಲಿ ಮಾತ್ರ, ಅಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ನೀನು ಮಂಚದ ಮೇಲೆ ದೀಪ ಹಾಕಿಕೊಂಡು ಓದಿದ ಅಷ್ಟೂ ವರ್ಷ ಅವರು ಆ ಬ್ಲೀಚಿಂಗ್ ಪುಡಿಯ ಹೊಗೆಯಲ್ಲಿ ನಿಂತಿದ್ದರು. ನಿನ್ನ ಓದು ಮುಗಿಯಿತು, ಅವರಿಗೆ ಕೆಮ್ಮು ಶುರುವಾಯಿತು. ಇದನ್ನು ಲೆಕ್ಕ ಒಪ್ಪಿಸಲು ಬರೆಯುತ್ತಿಲ್ಲ ಮರೀ. ನೀನು 'ಪರಿಶೀಲನೆ ಅಗತ್ಯವಿಲ್ಲ' ಎಂದು ಬರೆಯುವಾಗ ನಿನ್ನ ಕಣ್ಣ ಮುಂದೆ ಆ ಮನುಷ್ಯ ಒಂದು ಸಲವಾದರೂ ಬಂದರೇ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಬಂದಿದ್ದರೂ ಬರೆದೆಯಾ? ಬರಲೇ ಇಲ್ಲವಾ? ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ತಿಳಿಯುತ್ತಿಲ್ಲ.

ನನಗೆ ಮೋಸವಾಗಿದೆ. ಹೊರಗಿನವರು ಮಾಡಿದ್ದರೆ ಬೀದಿಯಲ್ಲಿ ನಿಂತು ಬೈದು ಹಗುರಾಗುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ನೀನು ಮಾಡಿದ್ದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಮೂಲೆಮನೆ ಅಜ್ಜಿ ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಲಾಂಡ್ರಿಯಲ್ಲಿ ದೊಡ್ಡ ಹೊದಿಕೆ ಮಡಿಸುವಾಗ ಎರಡು ತುದಿಗೆ ಇಬ್ಬರು ಬೇಕಲ್ಲ, ಶನಿವಾರದಿಂದ ನನ್ನ ಎದುರು ತುದಿ ಹಿಡಿಯಲು ಯಾರೂ ಬರುತ್ತಿಲ್ಲ, ಒಬ್ಬಳೇ ಮೇಜಿನ ಮೇಲೆ ಹಾಕಿ ಮಡಿಸುತ್ತಿದ್ದೇನೆ. ನಿನ್ನೆ ನಲ್ಲಿಯ ಹತ್ತಿರ ಬೀಗ ರಿಪೇರಿಯವನ ಹೆಂಡತಿ ನನಗೆ ಕೇಳಲಿ ಎಂದೇ, 'ಮನೆ ದೀಪ ಅಂತ ಮುತ್ತಿಟ್ರೆ ಗಡ್ಡಮೀಸೆ ಸುಡದೆ ಬಿಡುತ್ತಾ?' ಅಂದಳು. ನಾನು ಬಿಂದಿಗೆ ಎತ್ತಿಕೊಂಡು ಬಂದೆ. ಅವಳ ಗಂಡನಿಗೂ ಅದೇ ಯಂತ್ರ ಬೇಕು, ಅವಳು ಅಂದದ್ದರಲ್ಲಿ ತಪ್ಪೇನಿದೆ? ಉಂಡ ಮನೆಯ ಜಂತಿ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ನಿನ್ನ ಕೆಲಸವೇ ಎಣಿಸುವುದು, ಎಣಿಸು ಬೇಡ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಎಣಿಸಿದ್ದರೆ ಸಾಕಿತ್ತಲ್ಲೋ.

ಮೇಡಂ ಒಂದು ದಾರಿ ಹೇಳಿದ್ದಾರೆ. ನಾವು ನೂರು ಅರ್ಜಿ ಕೊಟ್ಟರೂ ಅದು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ತಿಂಗಳು ಮುಗಿಯುತ್ತದೆ. ಆದರೆ ಪರಿಶೀಲನೆ ಬೇಡ ಎಂದು ಬರೆದವನೇ, ನಾನು ಬರೆದದ್ದು ತಪ್ಪು, ಈ ಮೂರು ಬೀದಿಯಲ್ಲಿ ಮನೆಯಲ್ಲಿಲ್ಲದವರ ಉದ್ಯೋಗ ದಾಖಲಾಗಿದೆ ಎಂದು ಬರೆದರೆ, ಮರುದಿನವೇ ಯಂತ್ರ ಸಾಗಿಸುವುದನ್ನು ತಡೆಹಿಡಿಯಬಹುದಂತೆ. ಬರೆದರೆ ನಿನ್ನನ್ನು ಕೇಳುತ್ತಾರೆ. ನಿನಗೆ ಹೇಗೆ ಗೊತ್ತು, ಮೊದಲೇ ಯಾಕೆ ಹೇಳಲಿಲ್ಲ ಎಂದು. ನಿನ್ನ ಅಕ್ಕ ಏನು ಕೆಲಸ ಮಾಡುತ್ತಾಳೆ ಎಂದೂ ಕೇಳಬಹುದು. ಕೆಲಸಕ್ಕೆ ಕುತ್ತು ಬರುತ್ತದೆಯೋ ಏನೋ, ಅದು ನನಗೆ ಗೊತ್ತಾಗುವುದಿಲ್ಲ. ಬರುವುದಿಲ್ಲ ಎಂದು ಸುಮ್ಮನೆ ಧೈರ್ಯ ಹೇಳಲಾರೆ. ಬಂದರೂ ಬರೆ ಎಂದೇ ಹೇಳುತ್ತೇನೆ. ಅಮ್ಮ ಹೋದ ಮೇಲೆ ನಿನ್ನನ್ನು ಎತ್ತಿ ಬೆಳೆಸಿದವಳು ನಿನ್ನ ಕೆಲಸ ಹೋದರೂ ಸರಿ ಎನ್ನುತ್ತಿದ್ದಾಳೆ ಎಂದರೆ, ಅವಳಿಗೆ ಎಷ್ಟು ನೋವಾಗಿದೆ ಎಂದು ತಿಳಿದುಕೋ.

ಪಾಳಿಯ ಗಂಟೆ ಹೊಡೆಯಿತು, ಏಳುತ್ತೇನೆ. ಮಗುವಿಗೆ ಒಂದು ಮುತ್ತು ಕೊಡು, ಅತ್ತೆ ಕೊಟ್ಟದ್ದು ಎಂದು ಹೇಳಿ ಕೊಡು. ನಿನ್ನ ಹೆಂಡತಿಗೆ ಬಿಸಿನೀರು ಕುಡಿಯಲು ಹೇಳು. ಕೋಪ ನಿನ್ನೊಬ್ಬನ ಮೇಲೆ, ಆಶೀರ್ವಾದ ಮೂವರಿಗೂ ಇದೆ.

ನಿನ್ನ ಅಕ್ಕ

ತಾ.ಕ.: ಕಾಗದ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ವ್ಯಾನಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನ ಭಾವ ಈಗ ತಾನೆ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು. ನಾಳೆ ಮೊದಲ ಬಸ್ಸಿಗೆ ನಿನ್ನ ಕಚೇರಿಗೆ ಹೊರಟಿದ್ದಾರೆ. ಶುಕ್ರವಾರ ಬೆಂಚಿನ ಮೇಲೆ ಕೂತು ಅವರೂ ಎಲ್ಲ ಕೇಳಿಸಿಕೊಂಡಿದ್ದಾರೆ. ಆದರೆ ನಂಬಿಲ್ಲ. 'ನನ್ನ ಭಾಮೈದ ಹಾಗೆ ಬರೆಯೋನಲ್ಲ. ಯಾರೋ ಅವ್ನ ಹೆಸರಲ್ಲಿ ಬರೆದಿದಾರೆ, ಪಾಪ ಅವ್ನಿಗೆ ಗೊತ್ತೇ ಇಲ್ಲ, ಹೋಗಿ ಎಚ್ಚರಿಸಿ ಬರ್ತೀನಿ' ಎನ್ನುತ್ತಿದ್ದಾರೆ. ತಡೆಯಬೇಕಾದರೆ ಬರೆದವನು ನೀನೇ ಎಂದು ನಾನು ಅವರಿಗೆ ಹೇಳಬೇಕು. ನನ್ನ ಬಾಯಲ್ಲಿ ಅದು ಬರಲಿಲ್ಲ ಮರೀ. ಗೇಟಿನಲ್ಲಿ ನೀವ್ಯಾರು ಎಂದು ಕೇಳಿದರೆ, ಆಸ್ಪತ್ರೆ ಬಟ್ಟೆ ಒಗೆಯೋನು, ಸಾಹೇಬರ ಭಾವ ಎಂದೇ ಹೇಳುತ್ತಾರೆ, ಅವರಿಗೆ ಬೇರೆ ಹೇಳಲು ಬರುವುದಿಲ್ಲ. ನಿನ್ನ ಕಚೇರಿ ಮೂರನೇ ಮಹಡಿಯಂತೆ, ಅವರು ಹತ್ತಲಾರರು. ಯಾರನ್ನೂ ಕಳಿಸಬೇಡ. ನೀನೇ ಇಳಿದು ಬಾ.